ಓದುಗರು ಕೇಳಿದ್ದು: ಪುಣೆಯಲ್ಲಿ ನಡ್ಕೊಂಡು ಹೋಗಿ ಗಾಯನ ಕೇಳೋದು ಹೇಗೆ?

ಸವಾಯಿ, ಅಂದ್ರೆ ಡಿಸೆಂಬರಲ್ಲಿ ಪುಣೆಯಲ್ಲಿ ನಡೆಯೋ ಸವಾಯಿ ಗಂಧರ್ವ ಸಂಗೀತ ಉತ್ಸವ, ಹತ್ರ ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಪತ್ರಗಳ ಬಣ್ಣಾನೇ ಬದಲಾಗತ್ತೆ. ಮನೆ ಬಾಡಿಗೆ ಅಗ್ರಿಮೆಂಟು, ಮಕ್ಕಳ ಅಡ್ಮಿಶನ್ನು, ಗ್ಯಾಸ್ ಕನೆಕ್ಷನ್ನು ಎಲ್ಲಾ ಹಿಂದಕ್ಕೆ ಸರಿದು ಸಂಗೀತ ಮುಂದೆ ಬಂದು ಕೂತ್ಕೊಳ್ಳತ್ತೆ. ಈ ಸಲ ಪೂರ್ತಿ ಅಂಕಣ ಅದಕ್ಕೇ ಬಿಟ್ಟುಕೊಟ್ಟಿದೀನಿ, ಅಗ್ರಿಮೆಂಟಿನವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ನಮಸ್ಕಾರ್ರೀ ಸರ. ನಮ್ಮೂರು ಹುಬ್ಬಳ್ಳಿ, ಈಗ ವಾಕಡದಾಗ ಇದ್ದೀವ್ರಿ, ಕೆಲಸ ಹಿಂಜವಡಿಯೊಳಗ. ಶನಿವಾರ ಐತವಾರ ಬಂತಂದ್ರ ಮಾಲು, ಅದ ಬಿಟ್ರ ಲೋಣಾವಳಾ, ಇಷ್ಟ ಆಗೇದ ನಮ್ಮ ಪುಣೆ. ಮುಂದಿನ ತಿಂಗಳ ನಮ್ಮ ಅಪ್ಪಾರು ಬರ್ಲಿಕತ್ತಾರ, ಭೀಮಸೇನ ಜೋಶಿ ಅಂದ್ರ ಅವರಿಗೆ ಜೀವ, ರೇಡಿಯೋದಾಗ ಕೇಳ್ಕೋತನ ಬೆಳದವ್ರು. ಇಲ್ಲೆ ಗಾಯನ ನಡಿಯೋ ಜಾಗಾ ಎಲ್ಲಾ ನಡಕೋತ ತೋರಸಬೇಕಂತ ಆಸೆ ಅದ. ಎಲ್ಲಿಂದ ಶುರು ಮಾಡಬೇಕು, ಎಷ್ಟು ನಡೀಬೇಕಾಗ್ತದ? ವಯಸ್ಸಾಗೇದ, ಆದ್ರ ದಿನಾ ವಾಕಿಂಗ್ ಮಾಡ್ತಾರ್ರಿ.
(ವಾಕಡ್‌ನಿಂದ ಒಬ್ಬರು)

ಉತ್ತರ: ನಿಮ್ಮ ಅಪ್ಪಾರ ಅದೃಷ್ಟ ಚೆನ್ನಾಗಿದೆ, ಹಳೇ ಪುಣೆಯಲ್ಲಿ ಈ ಜಾಗಗಳೆಲ್ಲ ಒಂದಕ್ಕೊಂದು ಹತ್ತಿರ ಹತ್ತಿರಾನೇ ಇವೆ. ಜಂಗ್ಲಿ ಮಹಾರಾಜ್ ರೋಡಿಂದ ಹಿಡಿದು ತಿಲಕ್ ರೋಡ್ ಕೊನೆವರೆಗೆ, ಗಲ್ಲಿ ಗಲ್ಲಿ ಸುತ್ತಿ ಬಳಸಿ ಹೋದ್ರೂ ನಾಲ್ಕೈದು ಕಿಲೋಮೀಟರು, ದಿನಾ ವಾಕಿಂಗ್ ಮಾಡೋರಿಗೆ ಅದೇನು ದೊಡ್ಡ ಲೆಕ್ಕ ಅಲ್ಲ.

ಆದ್ರೆ ಹೊರಡೋ ಮುಂಚೆ ಒಂದು ಕೆಲಸ ಮಾಡಿ. ಆ ದಿನ ಸಂಜೆ ಎಲ್ಲಿ ಗಾಯನ ಇದೆ ಅಂತ ಮೊದಲು ಗೊತ್ತುಮಾಡ್ಕೊಂಡು, ಅದು ಕೊನೇಲಿ ಬರೋ ಹಾಗೆ ದಾರಿ ಹಾಕ್ಕೊಳ್ಳಿ. ಬರೀ ಕಟ್ಟಡ ತೋರಿಸೋಕೆ ಅಂತ ಕರ್ಕೊಂಡು ಹೋದ್ರೆ ನಿಮಗೆ ಸಿಗೋದು ಬೀಗ ಹಾಕಿದ ಗೇಟು, ಹರಿದ ಪೋಸ್ಟರು, ಮತ್ತೆ ‘ಕಾಯ್ ಪಾಹಿಜೆ’ (ಏನು ಬೇಕು) ಅಂತ ಮುಖ ಗಂಟು ಹಾಕ್ಕೊಂಡು ಕೇಳೋ ವಾಚ್‌ಮನ್ನು. ಹಾಲ್ ಅನ್ನೋದು ಯಾರಾದ್ರೂ ಹಾಡ್ತಾ ಇದ್ರೇನೇ ಹಾಲ್, ಇಲ್ದಿದ್ರೆ ನಾಲ್ಕು ಗೋಡೆ. ಮರಾಠಿ ಪೇಪರ್‌ಗಳಲ್ಲಿ ಆ ದಿನದ ಕಾರ್ಯಕ್ರಮಗಳ ಪಟ್ಟಿ ಬರತ್ತೆ, ಹಾಲ್‌ಗಳ ಹೊರಗಿನ ಬೋರ್ಡಲ್ಲೂ ಬರ್ದಿರ್ತಾರೆ, ದೊಡ್ಡ ಕಾರ್ಯಕ್ರಮ ಆದ್ರೆ ಬುಕ್‌ಮೈಶೋದಲ್ಲಿ ಇರತ್ತೆ. ಎಷ್ಟೋ ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರಲ್ಲ, ಮುಂದಿನ ಕೆಲವು ಸಾಲು ಮಾತ್ರ ಅತಿಥಿಗಳಿಗೆ ಅಂತ ಇಟ್ಟಿರ್ತಾರೆ, ಅಲ್ಲಿ ಹೋಗಿ ಕೂತು ಆಮೇಲೆ ಎದ್ದೇಳಿಸ್ಕೊಳ್ಳೋದು ಬೇಡ, ಅದರಲ್ಲೂ ಅಪ್ಪನ ಎದುರಿಗೆ.

ಈಗ ದಾರಿ. ವಾಕಡಿಂದ ಕಾರ್ ತಗೊಂಡು ಪೇಠಗಳೊಳಗೆ, ಅಂದ್ರೆ ಹಳೇ ಊರಿನ ಕೇರಿಗಳೊಳಗೆ, ನುಗ್ಗೋಕೆ ಹೋಗ್ಬೇಡಿ, ಪಾರ್ಕಿಂಗ್ ಹುಡುಕೋದ್ರಲ್ಲೇ ನಿಧಾನದ ಆಲಾಪ ಮುಗಿದು ವೇಗದ ದ್ರುತ್ ಶುರುವಾಗಿರತ್ತೆ. ಪಿಂಪರಿ-ಚಿಂಚವಡ ಲೈನಿನ ಯಾವ್ದಾದ್ರೂ ಸ್ಟೇಷನ್ನಿಂದ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಲ್ಲಿ ಇಳಿದು ವನಾಜ್ ಕಡೆ ಹೋಗೋ ಗಾಡಿ ಹಿಡಿದು, ಛತ್ರಪತಿ ಸಂಭಾಜಿ ಉದ್ಯಾನ ಸ್ಟೇಷನ್ನಲ್ಲಿ ಇಳ್ಕೊಳ್ಳಿ. ಪಕ್ಕದಲ್ಲೇ ಬಾಲಗಂಧರ್ವ ರಂಗಮಂದಿರ. ಇದರ ಅಡಿಗಲ್ಲು ಇಟ್ಟಿದ್ದು ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರೇ ಸ್ವತಃ, 1962ರಲ್ಲಿ, ಆದ್ರೆ ಅವರು ತೀರಿಕೊಂಡಿದ್ದು 1967ರಲ್ಲಿ, ರಂಗಮಂದಿರ ಶುರುವಾಗಿದ್ದು 1968ರ ಜೂನಲ್ಲಿ, ಒಂದೇ ವರ್ಷದಲ್ಲಿ ತಪ್ಪಿಹೋಯ್ತು. ಕಟ್ಟೋವಾಗ ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರು ಮುಂದೆ ನಿಂತು ಹಿಂಗಿರ್ಬೇಕು ಹಂಗಿರ್ಬೇಕು ಅಂತ ಮಾಡಿಸಿದ್ದು. ಇಲ್ಲಿ ನಾಟಕ ಜಾಸ್ತಿ, ಲಾವಣಿ ಇರತ್ತೆ, ಸುಗಮ ಸಂಗೀತ ಇರತ್ತೆ, ಶಾಸ್ತ್ರೀಯಕ್ಕೆ ನನಗೇನೋ ಇದು ಸ್ವಲ್ಪ ದೊಡ್ಡದಾಯ್ತು ಅನ್ಸತ್ತೆ, ಹಿಂದೆ ಕೂತ್ರೆ ಹಾಡೋರ ಮುಖ ಕಾಣಲ್ಲ.

ಅಲ್ಲಿಂದ ನದಿ ದಾಟ್ಬೇಕು. ಭಿಡೆ ಪೂಲ್ ತೆರೆದಿದ್ರೆ ಅದರ ಮೇಲೇ ಹೋಗಿ, ಮಳೆಗಾಲದಲ್ಲಿ ಖಡಕ್‌ವಾಸಲಾ ಅಣೆಕಟ್ಟಿಂದ ನೀರು ಬಿಟ್ರೆ ಅದು ಮುಳುಗಿ ಹೋಗತ್ತೆ, ಆವಾಗ ಲಕಡೀ ಪೂಲೇ ಗತಿ. ಆಚೆ ದಡದಲ್ಲಿ ನಾರಾಯಣ ಪೇಠ, ಶನಿವಾರ ಪೇಠ. ಇಲ್ಲಿಂದ ನಿಧಾನ ನಡೀರಿ, ಯಾಕಂದ್ರೆ ಇಲ್ಲಿ ನೋಡೋದಕ್ಕಿಂತ ಕೇಳೋದು ಜಾಸ್ತಿ. ಮೆಹುಣಪುರಾದಲ್ಲಿ ಗಾಂಧರ್ವ ಮಹಾವಿದ್ಯಾಲಯ ಇದೆ, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯ ವಿನಾಯಕರಾವ್ ಪಟವರ್ಧನರು 1932ರಲ್ಲಿ ಶುರು ಮಾಡಿದ್ದು. ಅದಕ್ಕೂ ಹಿಂದೆ 1901ರಲ್ಲಿ ಪಲುಸ್ಕರರು ಲಾಹೋರಲ್ಲಿ ತೆಗೆದಿದ್ದ ಶಾಲೆಯ ಹೆಸರೂ ಇದೇ. ಸಂಜೆ ಕ್ಲಾಸಿನ ಹೊತ್ತಿಗೆ ಹೋದ್ರೆ ಒಂದು ಕಿಟಕಿಯಿಂದ ಮಕ್ಕಳ ಭೂಪ್ ರಾಗ, ಇನ್ನೊಂದು ಕಡೆಯಿಂದ ತಬಲಾದ ತೀನ್‌ತಾಲ್ ಬೀದಿಗೇ ಕೇಳಿಸತ್ತೆ, ಅದಕ್ಕೆ ಯಾವ ಟಿಕೆಟ್ಟೂ ಇಲ್ಲ. ಒಳಗೊಂದು ಸಣ್ಣ ಸಭಾಗೃಹ ಇದೆ, ಅಲ್ಲಿ ಕಾರ್ಯಕ್ರಮ ಇದ್ರೆ ಬೇರೆ ಏನೂ ಯೋಚನೆ ಮಾಡ್ದೆ ಹೋಗಿ ಕೂತ್ಕೊಳ್ಳಿ. ಅದೇ ಪೇಠದಲ್ಲಿ ಸುದರ್ಶನ ರಂಗಮಂಚ, ಅದಂತೂ ಕಲಾವಿದರು ಉಸಿರು ತಗೊಳ್ಳೋದೂ ಕೇಳೋವಷ್ಟು ಪುಟ್ಟದು.

ಹಂಗೇ ಸ್ವಲ್ಪ ಮುಂದೆ ರಮಣಬಾಗ್, ಅಂದ್ರೆ ನ್ಯೂ ಇಂಗ್ಲಿಷ್ ಸ್ಕೂಲಿನ ಮೈದಾನ. ಅಪ್ಪಾರಿಗೆ ಇಲ್ಲಿ ಐದು ನಿಮಿಷ ಕೊಡಿ. ನೋಡೋಕೆ ಬರೀ ಶಾಲೆ ಗ್ರೌಂಡು, ಆದ್ರೆ ವರ್ಷಾನುಗಟ್ಟಲೆ ಸವಾಯಿ ಗಂಧರ್ವ ಉತ್ಸವ ನಡೆದಿದ್ದು ಇಲ್ಲೇ, ಭೀಮಸೇನರು ಕೊನೇ ದಿನ ಕೊನೆಗೆ ಕೂತು ಹಾಡ್ತಿದ್ದಿದ್ದೂ ಇಲ್ಲೇ. ಕುಂದಗೋಳದ ರಾಮಭಾವು ಅಂದ್ರೆ ಸವಾಯಿ ಗಂಧರ್ವರು, ಅವರ ಹತ್ರ ಕಲಿತ ಗದಗಿನ ಹುಡುಗ ಭೀಮಸೇನ, ಅದೇ ಗುರುವಿನ ಹತ್ರ ಕಲಿತ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಇಷ್ಟೂ ಜನ ನಿಮ್ಮೂರ ಸುತ್ತಮುತ್ತಲಿನವರೇ, ಇದನ್ನ ನಾನು ಹೇಳೋದಕ್ಕಿಂತ ಅಪ್ಪಾರ ಬಾಯಿಂದ ಕೇಳಿದ್ರೇ ಚೆಂದ.

ಅಪ್ಪಾ ಬಳವಂತ ಚೌಕ ದಾಟಿ ಬುಧವಾರ ಪೇಠಕ್ಕೆ ಬಂದ್ರೆ ಇನ್ನೊಬ್ಬ ನಮ್ಮ ಕಡೆಯವರು ಸಿಗ್ತಾರೆ. ಸವದತ್ತಿ ಹತ್ರದ ಗುರ್ಲಹೊಸೂರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ತಮ್ಮ ಸಂಗೀತ ಶಾಕುಂತಲವನ್ನ 1880ರ ಅಕ್ಟೋಬರ್ 31ಕ್ಕೆ ಈ ಭಾಗದಲ್ಲಿದ್ದ ಆನಂದೋದ್ಭವ ಅನ್ನೋ ನಾಟಕಗೃಹದಲ್ಲಿ ಆಡಿಸಿದ್ರು, ಮರಾಠಿ ಸಂಗೀತ ನಾಟಕದ ದೊಡ್ಡ ಕಾಲ ಶುರುವಾಗಿದ್ದು ಅಲ್ಲಿಂದ. ಆ ನಾಟಕಗೃಹ ಈಗಿಲ್ಲ, ಹುಡುಕ್ತಾ ಟೈಮ್ ಹಾಳು ಮಾಡ್ಕೋಬೇಡಿ, ನಡೀತಾ ಹೇಳ್ಕೊಂಡು ಹೋದ್ರೆ ಸಾಕು. ಆಮೇಲೆ ಬಾಜೀರಾವ್ ರೋಡ್ ಹಿಡಿದು ದಕ್ಷಿಣಕ್ಕೆ. ಈ ಕಡೇನೇ ಭಾರತ ಗಾಯನ ಸಮಾಜ ಇದೆ, 1911ರಲ್ಲಿ ಭಾಸ್ಕರಬುವಾ ಬಖಲೆಯವರು ಕಟ್ಟಿದ್ದು, ಬಾಲಗಂಧರ್ವರಿಗೆ ಗಾಯನ ಹೇಳ್ಕೊಟ್ಟವರು ಇವರೇ. ನಡಿಗೆ ಶುರು ಮಾಡಿದ್ದು ಶಿಷ್ಯನ ಹೆಸರಿನ ಹಾಲಿಂದ, ಈಗ ಗುರುವಿನ ಮನೆಗೆ ಬಂದಂಗಾಯ್ತು. ಇಲ್ಲಿ ಅಮೃತತುಲ್ಯ ಅಂಗಡಿ ಸಿಕ್ಕಲ್ಲಿ ಒಂದು ಚಹಾ ಕುಡೀರಿ, ಮೊಣಕಾಲಿಗೆ ರೆಸ್ಟ್ ಕೊಡಿ.

ಕೊನೇ ಭಾಗ ಸದಾಶಿವ ಪೇಠ, ತಿಲಕ್ ರೋಡು. ಭರತ ನಾಟ್ಯ ಮಂದಿರ, ತಿಲಕ ಸ್ಮಾರಕ ಮಂದಿರ, ಹೀರಾಬಾಗಿನ ಜ್ಯೋತ್ಸ್ನಾ ಭೋಳೆ ಸಭಾಗೃಹ, ಈ ಮೂರರಲ್ಲಿ ಶನಿವಾರ ಭಾನುವಾರ ಯಾವ್ದಾದ್ರೂ ಒಂದ್ರಲ್ಲಿ ಏನಾದ್ರೂ ಇದ್ದೇ ಇರತ್ತೆ. ನನ್ನ ಕೇಳಿದ್ರೆ ಸಂಜೆಯ ಗಾಯನ ಇಲ್ಲಿರೋ ದಿನಾನೇ ನೋಡಿ ಹೊರಡಿ, ಯಾಕಂದ್ರೆ ಮುಗಿದ ಮೇಲೆ ಸ್ವಾರಗೇಟ್ ಮೆಟ್ರೋ ಹತ್ರ ಆಗತ್ತೆ, ಅದು ನಿಮ್ಮ ಪಿಂಪರಿ ಲೈನೇ, ಬದಲಾಯಿಸೋದೂ ಇಲ್ಲ. ಕೊನೇ ಗಾಡಿ ಎಷ್ಟೊತ್ತಿಗೆ ಅಂತ ಮಾತ್ರ ಮೊದಲೇ ನೋಡಿಟ್ಕೊಳ್ಳಿ.

ಇನ್ನೊಂದು ಮರೆತಿದ್ದೆ, ಸವಾಯಿ ಗಂಧರ್ವ ಸ್ಮಾರಕ ಅಂತ ಶಿವಾಜಿನಗರದ ಕಡೆ ಬೇರೇನೇ ಕಟ್ಟಡ ಇದೆ. ಅದು ನದಿಯ ಈಚೆ ದಡ, ಈ ನಡಿಗೆಗೆ ಸೇರಿಸೋಕೆ ಹೋಗ್ಬೇಡಿ, ಇನ್ನೊಂದು ದಿನಕ್ಕಿರಲಿ.

ಪ್ರಶ್ನೆ: ಸವಾಯಿ ಮೊದಲು ರಾತ್ರಿಯಿಡೀ ನಡೆಯುತ್ತಿತ್ತು ಅಂತ ನಮ್ಮ ಯಜಮಾನರು ಯಾವಾಗಲೂ ಹೇಳ್ತಿದ್ರು, ಬೆಳಗಿನ ಜಾವ ಚಹಾ ಕುಡಿದು ಮನೆಗೆ ಬರ್ತಿದ್ರಂತೆ. ಈಗ ರಾತ್ರಿ ಹತ್ತಕ್ಕೆಲ್ಲ ಮುಗಿಸ್ತಾರಲ್ಲ ಯಾಕೆ? ಮತ್ತೆ ಐದೂ ದಿನದ ಟಿಕೆಟ್ ತಗೊಳ್ಳಬೇಕಾ, ಒಂದು ದಿನ ಹೋದರೆ ಸಾಕಾ? ನನಗೆ ನೆಲದ ಮೇಲೆ ತುಂಬಾ ಹೊತ್ತು ಕೂರಲು ಆಗುವುದಿಲ್ಲ.
(ಕೋಥರೂಡ್‌ನಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಯಜಮಾನ್ರು ಹೇಳ್ತಿದ್ದಿದ್ದು ನಿಜ. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ್ರು, ಮರುವರ್ಷ 1953ರಿಂದ ಗುರುಗಳ ನೆನಪಿಗೆ ಅಂತ ಭೀಮಸೇನರು ಇದನ್ನ ನಡೆಸ್ಕೊಂಡು ಬಂದ್ರು, ಆರ್ಯ ಸಂಗೀತ ಪ್ರಸಾರಕ ಮಂಡಳದ ಹೆಸರಲ್ಲಿ. ಆಗ ಅಹೋರಾತ್ರಿ ಬೈಠಕ್, ಕಂಬಳಿ ಹೊದ್ಕೊಂಡು ಜನ ಕೂರ್ತಿದ್ರು. 2011ರಲ್ಲಿ ಭೀಮಸೇನರು ಹೋದ ಮೇಲೆ ಹೆಸರಿಗೆ ಅವರ ಹೆಸರೂ ಸೇರ್ಕೊಂಡು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಆಯ್ತು.

ಹತ್ತು ಗಂಟೆ ಅನ್ನೋದು ಮಂಡಳದವರು ತಾವಾಗಿ ಮಾಡ್ಕೊಂಡಿದ್ದಲ್ಲ, ಕಾನೂನು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕೋ ಹಾಗಿಲ್ಲ. ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದ ಹಾಗೆ ರಾತ್ರಿ 12ರವರೆಗೆ ವಿನಾಯ್ತಿ ಕೊಡಬಹುದು, ಅದಕ್ಕೇ ಉತ್ಸವದಲ್ಲಿ ಸಾಮಾನ್ಯವಾಗಿ ಶನಿವಾರ ಒಂದಿನ ಹನ್ನೆರಡರವರೆಗೆ ಎಳೀತಾರೆ. ಮುಚ್ಚಿದ ಸಭಾಂಗಣಕ್ಕೆ ಈ ನಿಯಮ ಇಲ್ಲ, ಆದ್ರೆ ಸವಾಯಿಗೆ ಬರೋ ಜನಾನ ಯಾವ ಸಭಾಂಗಣದಲ್ಲಿ ತುಂಬ್ತೀರ ಹೇಳಿ.

ಇದರಿಂದ ಸಂಗೀತಕ್ಕೆ ಏನಾಯ್ತು ಅನ್ನೋದು ಯಾರೂ ಅಷ್ಟಾಗಿ ಮಾತಾಡಲ್ಲ. ನಮ್ಮ ರಾಗಗಳಿಗೆ ಹೊತ್ತಿದೆ, ದರ್ಬಾರಿ ಮಾಲಕಂಸ್ ಎಲ್ಲ ಸರಿರಾತ್ರಿ ಕಡೆಯವು, ಲಲತ್ ಬೆಳಕು ಹರಿಯೋ ಹೊತ್ತಿಂದು, ತೋಡಿ ಬೆಳಿಗ್ಗೆಯದು. ರಾತ್ರಿ ಹೋಯ್ತು ಅಂದ್ಮೇಲೆ ಇವಕ್ಕೆಲ್ಲ ಜಾಗ ಕಮ್ಮಿಯಾಯ್ತು. ಹಾಗಂತ ಬರೀ ನಷ್ಟ ಅಂತ ನಾನು ಹೇಳಲ್ಲ, ಮಧ್ಯಾಹ್ನ ಮೂರು ನಾಲ್ಕಕ್ಕೆ ಶುರುವಾಗೋದ್ರಿಂದ ಮುಲ್ತಾನಿ, ಪಟದೀಪ್, ಭೀಮಪಲಾಸಿ, ಆಮೇಲೆ ಮಾರ್ವಾ ಪೂರಿಯಾ ಇವೆಲ್ಲ ದೊಡ್ಡ ಪೆಂಡಾಲಲ್ಲಿ ಕೇಳೋಕೆ ಸಿಗತ್ತೆ, ಅಹೋರಾತ್ರಿ ಕಾಲದಲ್ಲಿ ಮಧ್ಯಾಹ್ನದ ರಾಗಗಳನ್ನ ಕೇಳೋರು ಯಾರಿದ್ರು. ಬೆಳಗಿನ ರಾಗ ಬೇಕಂದ್ರೆ ದೀಪಾವಳಿ ಪಹಾಟ್‌ಗೆ ಹೋಗಿ, ಹಬ್ಬದ ದಿನಗಳಲ್ಲಿ ನಸುಕಲ್ಲೇ ಊರ ತುಂಬ ಕಛೇರಿ ಇರತ್ತೆ, ಅಭ್ಯಂಜನ ಮುಗಿಸಿ ಹೊಸ ಸೀರೆ ಉಟ್ಕೊಂಡು ಜನ ಬಂದು ಕೂತಿರ್ತಾರೆ.

ಟಿಕೆಟ್ ವಿಷಯ. ಪೂರ್ತಿ ಉತ್ಸವದ್ದೂ ಸಿಗತ್ತೆ, ದಿನದ್ದೂ ಸಿಗತ್ತೆ. ನಿಮ್ಮಂಥವರು ಒಂದು ಅಥವಾ ಎರಡು ದಿನ ಆರಿಸ್ಕೊಳ್ಳಿ, ಕಲಾವಿದರ ಪಟ್ಟಿ ಬಂದ ಮೇಲೆ. ಕೆಳಗೆ ಕೂರೋದು ಅಗ್ಗ, ಕುರ್ಚಿಗೆ ಜಾಸ್ತಿ, ನೀವು ಕುರ್ಚಿಯದೇ ತಗೊಳ್ಳಿ, ಇದರಲ್ಲಿ ಉಳಿತಾಯ ಮಾಡಿ ಆಮೇಲೆ ಡಾಕ್ಟರಿಗೆ ಕೊಡೋದ್ಯಾಕೆ. ಈಗ ಜಾಗ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನ, ಸ್ವಾರಗೇಟ್ ಮೆಟ್ರೋದಿಂದ ನಡೆಯೋರಿಗೆ ನಡಿಗೆ, ಇಲ್ಲದಿದ್ರೆ ರಿಕ್ಷಾ. ಶಾಲು ಮರೀಬೇಡಿ, ಡಿಸೆಂಬರಲ್ಲಿ ಸೂರ್ಯ ಮುಳುಗಿದ್ದೇ ಪುಣೆ ಬೇರೆ ಊರಾಗತ್ತೆ. ಭಾನುವಾರ ಹೋದ್ರೆ ಕೊನೆವರೆಗೂ ಕೂತಿರಿ, ಎಲ್ಲಾ ಮುಗಿದ ಮೇಲೆ ಸವಾಯಿ ಗಂಧರ್ವರದ್ದೇ ಭೈರವಿಯ ಹಳೇ ರೆಕಾರ್ಡ್ ಹಾಕ್ತಾರೆ, ಅದು ಹಾಕೋ ಮುಂಚೆ ಚಪ್ಪಲಿ ಹುಡುಕೋಕೆ ಏಳೋರನ್ನ ನೋಡಿದ್ರೆ ನನಗೆ ಸಿಟ್ಟು ಬರತ್ತೆ.

ಪ್ರಶ್ನೆ: ನಾನು ಮಂಗಳೂರಿನವಳು, ಇಲ್ಲಿ ವಿಮಾನ್ ನಗರದಲ್ಲಿ ಪಿಜಿಯಲ್ಲಿದ್ದೇನೆ, ಡಿಗ್ರಿ ಸೆಕೆಂಡ್ ಇಯರ್. ನಿಮ್ಮ ಅಂಕಣದಲ್ಲಿ ಯಾವಾಗ್ಲೂ ಶಾಸ್ತ್ರೀಯವೇ ಉಂಟು ಮಾರಾಯ್ರೆ! ಬ್ಯಾಂಡ್, ಜಾಝ್, ಇಂಡೀ ಇದೆಲ್ಲ ಲೈವ್ ಕೇಳ್ಳಿಕ್ಕೆ ಎಲ್ಲಿ ಹೋಗುದು? ಒಂದು ಜಾಗದಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗ್ಲಿಕ್ಕೆ ಆಗ್ತದಾ? ದುಡ್ಡು ಹೆಚ್ಚಿಲ್ಲ, ರಾತ್ರಿ ಪಿಜಿ ಆಂಟಿ ಗೇಟ್ ಹಾಕ್ತಾರೆ.

ಉತ್ತರ: ಪಿಜಿ ಆಂಟಿಯಿಂದಾನೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ಲೆಕ್ಕಾಚಾರ ಪೂರ್ತಿ ಅವರ ಕೈಲೇ ಇದೆ. ಕೋರೆಗಾವ್ ಪಾರ್ಕ್, ಮುಂಢ್ವಾ, ಕಲ್ಯಾಣಿ ನಗರ ಕಡೆಯ ರೆಸ್ಟೋರೆಂಟು ಪಬ್ಬುಗಳಲ್ಲಿ ಬ್ಯಾಂಡ್ ಇರತ್ತೆ, ಆದ್ರೆ ಬೋರ್ಡಲ್ಲಿ ಎಂಟೂವರೆ ಅಂತ ಬರ್ದಿದ್ರೆ ಅವರು ಗಿಟಾರ್ ಟ್ಯೂನ್ ಮಾಡ್ಕೊಂಡು ಶುರು ಮಾಡೋ ಹೊತ್ತಿಗೆ ಒಂಬತ್ತೂವರೆ. ಶನಿವಾರ ಕವರ್ ಚಾರ್ಜು ಅಂತ ಬಾಗಿಲಲ್ಲೇ ಕಿತ್ಕೊಳ್ತಾರೆ, ವಾರದ ಮಧ್ಯೆ ಓಪನ್ ಮೈಕು, ಜ್ಯಾಮು ಇರೋ ದಿನ ಎಷ್ಟೋ ಕಡೆ ಅದು ಇರಲ್ಲ ಅಥವಾ ಕಮ್ಮಿ, ಮತ್ತೆ ನಿಜ ಹೇಳ್ಬೇಕಂದ್ರೆ ಒಳ್ಳೇ ಸಂಗೀತ ಬರೋದೂ ಅವತ್ತೇ, ಶನಿವಾರ ಅರ್ಧ ಜನ ಹಾಡಿನ ಮೇಲೆ ಕೂಗಾಡ್ತಾ ಇರ್ತಾರೆ. ಇನ್ನೊಂದು, ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿ ರಮ್ಮಿನಂಥ ಹಾರ್ಡ್ ಡ್ರಿಂಕಿಗೆ 25 ಆಗಿರ್ಬೇಕು. ನೀವು ಕುಡೀದೇ ಇದ್ರೂ 21 ಆಗಿಲ್ಲ ಅಂತ ಕೆಲವು ಕಡೆ ಒಳಗೇ ಬಿಡಲ್ಲ, ಫೋನ್ ಮಾಡಿ ಕೇಳ್ಕೊಂಡು ಹೋಗಿ. ನಡ್ಕೊಂಡು ಅಂತೀರಾದ್ರೆ ಕೋರೆಗಾವ್ ಪಾರ್ಕಿನ ಲೇನ್‌ಗಳೊಳಗೆ, ನಾರ್ತ್ ಮೇನ್ ರೋಡಲ್ಲಿ ಆಗತ್ತೆ, ಮರದ ನೆರಳಿದೆ ಫುಟ್‌ಪಾತೂ ಸುಮಾರಾಗಿದೆ. ಅಲ್ಲಿಂದ ಮುಂಢ್ವಾಕ್ಕೆ ರಾತ್ರಿ ಹೊತ್ತು ನಡ್ಕೊಂಡು ಹೋಗೋದು ಬೇಡ, ದೂರಾನೂ ಹೌದು ಗಾಡಿಗಳ ಭರಾಟೆಯೂ ಹೌದು.

ಆದ್ರೆ ನೀವು ಹುಡುಕ್ತಿರೋ ಸಂಗೀತ ಬರೀ ಪಬ್ಬಲ್ಲೇ ಸಿಗತ್ತೆ ಅಂತ ಯಾರು ಹೇಳಿದ್ದು? ಕ್ಯಾಂಪಲ್ಲಿ ದಸ್ತೂರ್ ಸ್ಕೂಲಿನ ಮಜ್ದಾ ಹಾಲ್ ಅಂತ ಇದೆ, ಪೂನಾ ಮ್ಯೂಸಿಕ್ ಸೊಸೈಟಿಯವರು ಅಲ್ಲಿ ಪಿಯಾನೋ, ವಯಲಿನ್, ಕ್ವಾಯರ್ ಇಂಥ ಪಾಶ್ಚಾತ್ಯ ಶಾಸ್ತ್ರೀಯ ಕಾರ್ಯಕ್ರಮ ಮಾಡ್ತಾರೆ, ಆಂಟಿ ಗೇಟ್ ಹಾಕೋ ಮುಂಚೆ ಪಿಜಿಗೆ ವಾಪಸ್ ಬರ್ಬಹುದು. ಕ್ಯಾಂಪ್ ಅಂತೂ ನಡೆಯೋಕೇ ಇರೋ ಜಾಗ, ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯಿಂದ ಶ್ರೂಸ್‌ಬರಿ ಬಿಸ್ಕತ್ ತಗೊಂಡು ತಿಂತಾ ಹೋಗಿ, ಮಧ್ಯಾಹ್ನ ಅವರು ಬಾಗಿಲು ಹಾಕಿ ರೆಸ್ಟ್ ತಗೊಳ್ತಾರೆ ಅನ್ನೋದು ನೆನಪಿರಲಿ. ಕಲ್ಯಾಣಿ ನಗರದಲ್ಲಿ ಗ್ಯಾನ್ ಅದಬ್ ಅಂತ ಒಂದು ಕೇಂದ್ರ ಇದೆ, ಘಜಲ್ಲು ಕವಿತೆ ಕಡೆ ಒಲವಿದ್ರೆ ಅದು ವಿಮಾನ್ ನಗರಕ್ಕೆ ಹತ್ರಾನೂ ಆಗತ್ತೆ.

ಇನ್ನು ಕಾಲೇಜಿನವರಾಗಿ ಫಿರೋದಿಯಾ ಕರಂಡಕ ನೋಡಿಲ್ಲ ಅಂದ್ರೆ ಪುಣೇಲಿ ಓದಿ ಏನು ಉಪಯೋಗ! 1974ರಿಂದ ನಡ್ಕೊಂಡು ಬಂದಿರೋ ಅಂತರ್‌ಕಾಲೇಜು ಸ್ಪರ್ಧೆ, ಭರತ ನಾಟ್ಯ ಮಂದಿರದಲ್ಲಿ ಆಗತ್ತೆ, ನಾಟಕ, ಚಿತ್ರ, ಕುಣಿತ, ಲೈವ್ ಬ್ಯಾಂಡು ಎಲ್ಲಾ ಒಂದೇ ಸ್ಟೇಜ್ ಮೇಲೆ, ಹುಡುಗರು ತಾವೇ ಮ್ಯೂಸಿಕ್ ಮಾಡಿರ್ತಾರೆ. ಕೆಳಗೆ ಕೂತಿರೋ ಬೇರೆ ಕಾಲೇಜಿನವರ ಶಿಳ್ಳೆ ಗಲಾಟೆ ಸ್ಟೇಜಿನಷ್ಟೇ ಮಜಾ. 2010ರಲ್ಲಿ ಎನ್‌ಎಚ್‌7 ವೀಕೆಂಡರ್ ಅಂಥ ದೊಡ್ಡ ಹಬ್ಬ ಇದೇ ಊರಲ್ಲಿ ಹುಟ್ಟಿದ್ದಕ್ಕೂ ಈ ಕಾಲೇಜು ಹುಡುಗರ ಕಿವಿಗೂ ಸಂಬಂಧ ಇದೆ ಅಂತ ನನ್ನ ಅನಿಸಿಕೆ, ಕೇಳೋ ಮಂದಿ ಮೊದಲೇ ತಯಾರಿದ್ರು.

ಪ್ರಶ್ನೆ: ಪುಣೆಯಲ್ಲಿ ಇಷ್ಟು ವರ್ಷ ಇದ್ದರೂ ಕನ್ನಡದ ಹಾಡು ಲೈವ್ ಕೇಳಿದ್ದು ಬೆರಳೆಣಿಕೆ. ದಾಸರ ಪದ, ಭಾವಗೀತೆ, ಯಕ್ಷಗಾನ ಏನಾದರೂ ಸರಿ, ಎಲ್ಲಿ ಹೋಗಬೇಕು?
(ಬಿಬ್ವೇವಾಡಿಯಿಂದ)

ಉತ್ತರ: ಎರಂಡವಣೆಯ ಗಣೇಶನಗರಕ್ಕೆ. ನಲ್ ಸ್ಟಾಪ್ ಇಲ್ಲವೇ ಗರವಾರೆ ಕಾಲೇಜು ಮೆಟ್ರೋದಲ್ಲಿ ಇಳಿದ್ರೆ ನಡ್ಕೊಂಡು ಹೋಗೋ ದೂರ. ಅಲ್ಲಿ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಶಾಲೆ ಇದೆ, ಕನ್ನಡ ಸಂಘದ್ದು, ಶಾಲೆ ಆವರಣದಲ್ಲೇ ಶಕುಂತಳಾ ಜಗನ್ನಾಥ ಶೆಟ್ಟಿ ಸಭಾಗೃಹ. ಜಗನ್ನಾಥ ಶೆಟ್ಟರು ಅಂದ್ರೆ ಫರ್ಗ್ಯುಸನ್ ರೋಡಿನ ವೈಶಾಲಿ ಹೋಟೆಲಿನವರು, ಅವರ ಇಡ್ಲಿ ತಿನ್ನದೇ ಪುಣೇಲಿ ಡಿಗ್ರಿ ಮುಗಿಸಿದೋರು ಕಮ್ಮಿ. ರಾಜ್ಯೋತ್ಸವದ ಸುತ್ತಮುತ್ತ ಕನ್ನಡ ಕಾರ್ಯಕ್ರಮ ಜಾಸ್ತಿ, ಬೋರ್ಡ್ ನೋಡ್ತಾ ಇರಿ. ಮರಾಠಿ ಸಂಘದವರೂ ಇದೇ ಹಾಲ್ ತಗೊಂಡು ಶಾಸ್ತ್ರೀಯ ಸಂಗೀತ ಮಾಡ್ತಿರ್ತಾರೆ ಅನ್ನೋದು ನನಗೆ ಖುಷಿ.

ಯಕ್ಷಗಾನಕ್ಕೆ ಬಾಣೇರಿನ ಬಂಟರ ಭವನ. ಊರಲ್ಲಿ ಮೇಳಗಳ ತಿರುಗಾಟ ಮಳೆಗಾಲಕ್ಕೆ ನಿಲ್ಲತ್ತಲ್ಲ, ಆವಾಗ ಕಲಾವಿದರು ಮುಂಬಯಿ ಪುಣೆ ಕಡೆ ಬರ್ತಾರೆ. ಚೆಂಡೆ ಪೆಟ್ಟು ಬಿದ್ರೆ ಎಸಿ ಹಾಲಲ್ಲೂ ಮೈ ಜುಮ್ ಅನ್ನತ್ತೆ, ಅದೂ ಲೈವ್ ಮ್ಯೂಸಿಕ್ಕೇ, ಮೇಲಿನ ಮಂಗಳೂರು ಹುಡುಗಿಗೂ ಇದನ್ನ ಹೇಳಿದೀನಿ ಅಂತ ತಿಳ್ಕೊಳ್ಳಿ.

ದಾಸರ ಪದದ ವಿಷಯಕ್ಕೆ ಬಂದ್ರೆ, ಕನ್ನಡ ಸಂಘಕ್ಕೇ ಕಾಯ್ಬೇಕಾಗಿಲ್ಲ. ಭೀಮಸೇನರು ಒಂದು ಕಡೆ ಅಭಂಗವಾಣಿ ಇನ್ನೊಂದು ಕಡೆ ದಾಸವಾಣಿ ಅಂತ ಹಾಡಿ ಹಾಡಿ ಇಲ್ಲಿನ ಮರಾಠಿ ಗಾಯಕರಿಗೂ ಪುರಂದರದಾಸರನ್ನ ಪರಿಚಯ ಮಾಡ್ಸಿಬಿಟ್ಟಿದಾರೆ. ಆಷಾಢ ಏಕಾದಶಿ ಹೊತ್ತಿನ ಅಭಂಗ ಕಾರ್ಯಕ್ರಮಕ್ಕೆ ಹೋಗಿ, ಮಧ್ಯದಲ್ಲಿ ಒಂದು ಕನ್ನಡ ಪದ ಬಂದ್ರೂ ಬರಬಹುದು, ಬಂದಾಗ ಒತ್ತಕ್ಷರ ಸ್ವಲ್ಪ ಅತ್ತಿತ್ತ ಆದ್ರೂ ನೀವು ಮುಖ ಸಿಂಡರಿಸ್ಬೇಡಿ.

ಪ್ರಶ್ನೆ: ಎಂಟು ವರ್ಷದ ಮಗನನ್ನು ಕರ್ಕೊಂಡು ಹೋದರೆ ಹತ್ತು ನಿಮಿಷಕ್ಕೆ ‘ಮನೆಗೆ ಹೋಗೋಣ’ ಶುರು. ನಮಗೂ ರಾಗ ತಾಳ ಅಷ್ಟಾಗಿ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ಮನೆಗೆ ಹೋಗಿ! ತಮಾಷೆ ಅಲ್ಲ, ಬಾಗಿಲ ಹತ್ರದ ಸೀಟಲ್ಲಿ ಕೂತು, ಒಂದು ರಾಗ ಮುಗಿದು ಚಪ್ಪಾಳೆ ಬಿದ್ದಾಗ ಎದ್ದು ಬನ್ನಿ, ಹಾಡ್ತಿರೋವಾಗ ಏಳ್ಬಾರ್ದು ಅಷ್ಟೇ ನಿಯಮ. ಅಷ್ಟಕ್ಕೂ ಅವನ ವಯಸ್ಸಿಗೆ ನಿಧಾನಕ್ಕೆ ಬೆಳೆಯೋ ಬಡಾ ಖಯಾಲ್ ಯಾಕೆ, ಗಣಪತಿ ಹಬ್ಬಕ್ಕೆ ಒಂದೆರಡು ತಿಂಗಳ ಮುಂಚೆ ನದೀಪಾತ್ರದ ರಸ್ತೆ ಕಡೆ ಸಂಜೆ ಕರ್ಕೊಂಡು ಹೋಗಿ, ಢೋಲ್ ತಾಶಾ ಪಥಕದವರು ಪ್ರಾಕ್ಟೀಸ್ ಮಾಡ್ತಿರ್ತಾರೆ, ತಾಶಾದವನು ಏನು ನುಡಿಸ್ದಾಗ ಢೋಲಿನವರು ಬದಲಾಯಿಸ್ತಾರೆ ಅಂತ ಹುಡುಗ ತಾನೇ ಕಂಡುಹಿಡೀತಾನೆ, ತಾಳದ ಪಾಠ ಅಲ್ಲಿಗೇ ಶುರು. ಕಿವಿಗೆ ಸ್ವಲ್ಪ ಹತ್ತಿ ಇಡಿ, ದೂರ ನಿಲ್ಸಿ. ರಾಗ ಗೊತ್ತಿಲ್ಲ ಅನ್ನೋದು ದೊಡ್ಡ ವಿಷಯಾನೇ ಅಲ್ಲ, ಪಕ್ಕದಲ್ಲಿ ತಲೆ ಆಡಿಸ್ತಿರೋರಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಅನ್ಕೊಂಡಿದೀರಾ.

ಪ್ರಶ್ನೆ: ನಡೆದಾಡಿ ನೋಡಿ ಅಂತ ಬರೆಯುವುದು ಸುಲಭ. ಪೇಠಗಳಲ್ಲಿ ಫುಟ್‌ಪಾತ್ ಎಲ್ಲಿದೆ? ಇದ್ದರೂ ಅದರ ಮೇಲೆ ಸ್ಕೂಟರು. ಹಾಲ್‌ಗಳಲ್ಲಿ ಶೌಚಾಲಯದ ಸ್ಥಿತಿ ದೇವರಿಗೇ ಪ್ರೀತಿ. ಇದಕ್ಕಿಂತ ಮನೆಯಲ್ಲಿ ಯೂಟ್ಯೂಬ್ ಹಾಕಿಕೊಂಡು ಕೇಳುವುದೇ ವಾಸಿ ಅಲ್ಲವೇ?
(ಔಂಧ್‌ನಿಂದ ನಿವೃತ್ತರೊಬ್ಬರು)

ಉತ್ತರ: ಫುಟ್‌ಪಾತ್ ವಿಷಯದಲ್ಲಿ ನಿಮ್ಮ ಹತ್ರ ವಾದ ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಲಕ್ಷ್ಮೀ ರೋಡಲ್ಲಿ ಶನಿವಾರ ಸಂಜೆ ನಡೆಯೋದು ಅಂದ್ರೆ ಜನರ ಮೊಣಕೈ ತಿನ್ನೋದು, ಅದಕ್ಕೇ ನಾನು ಒಳಗಿನ ಗಲ್ಲಿಗಳನ್ನ ಹೇಳೋದು, ಅಲ್ಲಿ ಗಾಡಿಗಳಿಗೇ ಜಾಗ ಇಲ್ಲ ಹಾಗಾಗಿ ನಡೆಯೋರಿಗೆ ಸ್ವಲ್ಪ ಮರ್ಯಾದೆ ಇದೆ. ಮಧ್ಯಾಹ್ನ ಅಂಗಡಿ ಮುಚ್ಚಿರೋ ಹೊತ್ತು, ಮೂರು ನಾಲ್ಕರ ನಡುವೆ ಶುರು ಮಾಡಿದ್ರೆ ದಾರಿ ಖಾಲಿ ಸಿಗತ್ತೆ, ಗಾಯನದ ಹೊತ್ತಿಗೆ ಹಾಲ್ ಮುಟ್ಟಿರ್ತೀರಿ. ಶೌಚಾಲಯ ಮನೇಲೋ ಹೋಟೆಲಲ್ಲೋ ಮುಗಿಸ್ಕೊಂಡು ಹೋಗೋದು ಒಳ್ಳೇದು, ಒಪ್ತೀನಿ, ಹೆಂಗಸರಿಗೆ ಇದು ನಿಜವಾದ ಕಷ್ಟ, ಇದನ್ನ ಹಾಲ್ ನಡೆಸೋರು ಅಭಿಮಾನದ ಪ್ರಶ್ನೆ ಮಾಡ್ಕೊಳ್ದೆ ಸರಿ ಮಾಡ್ಬೇಕು.

ಆದ್ರೆ ರಿಪೇರಿ ಮಾಡ್ಸೋದು ಬೇರೆ, ಕೆಡವೋದು ಬೇರೆ. ಬಾಲಗಂಧರ್ವವನ್ನ ಕೆಡವಿ ಬಹುಮಹಡಿ ಕಟ್ಟೋ ಮಾತು ಮಹಾನಗರಪಾಲಿಕೆ ಕಡೆಯಿಂದ ಬಂದಾಗ ಕಲಾವಿದರಲ್ಲಿ ಎಷ್ಟೋ ಜನ ಬೇಡ ಅಂತ ಎದ್ದು ನಿಂತ್ರು. ಹೊಸದು ಚೆನ್ನಾಗೇ ಇರಬಹುದು, ಆದ್ರೆ ಕಟ್ಟಿ ಮುಗಿಯೋವರೆಗೆ ಸಣ್ಣ ತಂಡಗಳು ಎಲ್ಲಿಗೆ ಹೋಗ್ಬೇಕು, ಮುಗಿದ ಮೇಲೆ ಬಾಡಿಗೆ ಅವರ ಕೈಗೆ ಎಟುಕತ್ತಾ, ಇದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲ್ಲ. ಊರಿನ ಸಂಗೀತ ಉಳಿಯೋದು ದೊಡ್ಡ ಹಾಲಿಂದ ಅಲ್ಲ, ಇನ್ನೂರು ಜನ ಕೂರೋ, ಬಾಡಿಗೆ ಕಮ್ಮಿ ಇರೋ, ಮನೆಯಿಂದ ನಡ್ಕೊಂಡು ಬರಬಹುದಾದ ಹಾಲುಗಳಿಂದ ಅನ್ನೋದು ನನ್ನ ಹಠ.

ಯೂಟ್ಯೂಬ್ ಕೇಳಿ, ನಾನೂ ಕೇಳ್ತೀನಿ. ಆದ್ರೆ ನಿಮ್ಮ ಔಂಧಲ್ಲೇ ಪಂಡಿತ್ ಭೀಮಸೇನ ಜೋಶಿ ಕಲಾಮಂದಿರ ಇದೆಯಲ್ಲ, ಅಲ್ಲಿಗೆ ಹೋಗೋಕೆ ಪೇಠದ ಫುಟ್‌ಪಾತ್ ಬೇಕಿಲ್ಲ. ಈ ವಾರ ಅಲ್ಲೇನಿದೆ ಅಂತ ಬೋರ್ಡ್ ನೋಡ್ಕೊಂಡು ಬನ್ನಿ, ಇಷ್ಟ ಆಗದಿದ್ರೆ ಮತ್ತೆ ನನಗೆ ಬೈದು ಪತ್ರ ಬರೀರಿ.